ಮನೆ ಮಾರುವವರಿಗೆ ಯಾರು ಹಿತವರು: ಪೋರ್ಟಲ್ಲೋ, ಬೀದಿಯ ಬ್ರೋಕರೋ?

ಒಂದೂವರೆ ಕೋಟಿ ರೂಪಾಯಿಯ ಮನೆಗೆ ಶೇ 2ರ ಲೆಕ್ಕದಲ್ಲಿ ಬ್ರೋಕರ್ ಕಮಿಷನ್ ಮೂರು ಲಕ್ಷ ಆಗುತ್ತದೆ. ಜಿಎಸ್‌ಟಿ ನೋಂದಣಿ ಇರುವ ಏಜೆನ್ಸಿಯಾದರೆ ಅದರ ಮೇಲೆ ಶೇ 18, ಅಂದರೆ ಇನ್ನೂ 54,000. ಬೆಂಗಳೂರಿನಲ್ಲಿ ಮಾರುವವರಿಂದ ಶೇ 1, ಕೊಳ್ಳುವವರಿಂದ ಶೇ 1 ಎನ್ನುವ ವಾಡಿಕೆಯೂ ಇದೆ, ಎರಡೂ ಕಡೆ ಎರಡೆರಡು ಕೇಳುವವರೂ ಇದ್ದಾರೆ. ದುಡಿದು ಕಟ್ಟಿಸಿದ ಒಂದೇ ಮನೆಯನ್ನು ನಿವೃತ್ತಿಯ ನಂತರ ಮಾರಲು ಹೊರಟ ಮೇಷ್ಟ್ರಿಗೆ ಈ ಮೂರು ಲಕ್ಷ ಸಣ್ಣ ಮೊತ್ತವಲ್ಲ. ಅದೇ ಹೊತ್ತಿಗೆ ಮೊಬೈಲ್ ತೆರೆದರೆ, ಕಮಿಷನ್ನೇ ಇಲ್ಲದೆ ಮಾರಿಕೊಳ್ಳಿ ಎಂಬ ಜಾಹೀರಾತು ಕಾಣುತ್ತದೆ. ಯಾರನ್ನು ನಂಬುವುದು ಎಂಬ ಗೊಂದಲ ಅಲ್ಲಿಂದ ಶುರು.

ಈ ಗೊಂದಲವನ್ನು ಬರೀ ಕಮಿಷನ್ನಿನ ಲೆಕ್ಕದಿಂದ ಬಿಡಿಸಲಾಗದು ಎಂಬುದು ನನ್ನ ಅಭಿಪ್ರಾಯ. ಮನೆ ಮಾರುವವರಿಗೆ ದೊಡ್ಡ ನಷ್ಟವಾಗುವುದು ತಮ್ಮ ಮನೆಯ ನಿಜವಾದ ಬೆಲೆ ತಮಗೇ ಗೊತ್ತಿಲ್ಲದಿದ್ದಾಗ. ಮೂರು ಲಕ್ಷ ಉಳಿಸಲು ಹೋಗಿ ಹತ್ತು ಲಕ್ಷ ಕಡಿಮೆಗೆ ಕೊಟ್ಟವರೂ ಇದ್ದಾರೆ, ಮೂರು ಲಕ್ಷ ಕೊಟ್ಟೂ ಹತ್ತು ಲಕ್ಷ ಕಡಿಮೆಗೆ ಮಾರಿದವರೂ ಇದ್ದಾರೆ. ಆದ್ದರಿಂದ ಬೆಲೆಯ ಅರಿವು ಯಾರ ಬಳಿ ಇದೆ, ಅವರಿಗೆ ಹಣ ಯಾವ ಕೆಲಸಕ್ಕೆ, ಯಾವಾಗ ಸಿಗುತ್ತದೆ ಎಂಬುದನ್ನು ನೋಡಿ ಆಯ್ಕೆ ಮಾಡಬೇಕು.

ಆನ್‌ಲೈನ್ ದಾರಿ ನಮ್ಮಲ್ಲಿ ಹೊಸದೇನಲ್ಲ. 99 ಏಕರ್ಸ್ ಬಂದದ್ದು 2005ರಲ್ಲಿ, ಮರುವರ್ಷ ಮ್ಯಾಜಿಕ್‌ಬ್ರಿಕ್ಸ್, 2012ರಲ್ಲಿ ಹೌಸಿಂಗ್ ಡಾಟ್ ಕಾಮ್. ಇವು ಪತ್ರಿಕೆಯ ವರ್ಗೀಕೃತ ಜಾಹೀರಾತಿನ ಕೆಲಸವನ್ನೇ ಇಂಟರ್ನೆಟ್ಟಿಗೆ ತಂದವು. ಮನೆ ಮಾಲೀಕರು ಪ್ರಕಟಿಸಬಹುದು, ಬ್ರೋಕರ್‌ಗಳೂ ಪ್ರಕಟಿಸಬಹುದು, ಬಿಲ್ಡರ್‌ಗಳೂ ಪ್ರಕಟಿಸಬಹುದು. ಮಾಲೀಕರ ಸಾಮಾನ್ಯ ಪ್ರಕಟಣೆಗೆ ಹೆಚ್ಚಾಗಿ ಶುಲ್ಕವಿಲ್ಲ. ಅದು ಮೊದಲ ಪುಟದಲ್ಲಿ ಕಾಣಬೇಕಾದರೆ ಪ್ಯಾಕೇಜ್ ಕೊಳ್ಳಬೇಕು. 2014ರಲ್ಲಿ ಶುರುವಾದ ಬೆಂಗಳೂರಿನ ನೋಬ್ರೋಕರ್ ಬೇರೆ ಹಾದಿ ಹಿಡಿದು, ಬ್ರೋಕರ್‌ಗಳಿಗೆ ಜಾಗವಿಲ್ಲ, ಮಾಲೀಕ ಮತ್ತು ಗ್ರಾಹಕ ನೇರವಾಗಿ ಮಾತಾಡಲಿ ಎಂದಿತು. ಅದರ ಆದಾಯ ಬರುವುದು ಚಂದಾ ಯೋಜನೆಗಳಿಂದ ಮತ್ತು ಕಾಗದಪತ್ರ, ಗೃಹಸಾಲ, ಸಾಮಾನು ಸಾಗಣೆಯಂಥ ಸೇವೆಗಳಿಂದ. 2021ರ ನವೆಂಬರ್‌ನಲ್ಲಿ ಅದು ನೂರು ಕೋಟಿ ಡಾಲರ್ ಮೌಲ್ಯದ ಕಂಪನಿಯಾಯಿತು. ಬ್ರೋಕರ್ ಇಲ್ಲದ ವ್ಯವಹಾರಕ್ಕೆ ಈ ಊರಿನಲ್ಲಿ ಎಷ್ಟು ಹಸಿವಿತ್ತು ಎಂಬುದನ್ನು ಇದು ತೋರಿಸುತ್ತದೆ.

ಆ ಹಸಿವಿಗೆ ಕಾರಣವಿದೆ. ಬ್ರೋಕರ್‌ಗೆ ಕಮಿಷನ್ ಬರುವುದು ವ್ಯಾಪಾರ ಮುಗಿದಾಗ. ಒಂದು ಕೋಟಿಗೆ ಹೋಗಬಹುದಾದ ಮನೆಯನ್ನು ಇನ್ನೆರಡು ತಿಂಗಳು ಕಾದು 1 ಕೋಟಿ 5 ಲಕ್ಷಕ್ಕೆ ಮಾರಿದರೆ ಮಾಲೀಕರಿಗೆ ಐದು ಲಕ್ಷ ಲಾಭ. ಶೇ 1 ಪಡೆಯುವ ಬ್ರೋಕರ್‌ಗೆ ಅದರಿಂದ ಸಿಗುವುದು ಬರೀ 5,000. ಎರಡು ತಿಂಗಳು ಕಾಯುವುದಕ್ಕಿಂತ ಇವತ್ತೇ ಮುಗಿಸಿ ಇನ್ನೊಂದು ಪಾರ್ಟಿ ಹಿಡಿಯುವುದು ಅವನಿಗೆ ಮೇಲು. ಹಾಗಾಗಿ 'ಸರ್, ಮಾರ್ಕೆಟ್ ಡೌನ್ ಇದೆ, ಬಂದ ಪಾರ್ಟಿನ ಬಿಡಬೇಡಿ' ಎಂಬ ಮಾತು ಕೇಳಿಬರುತ್ತದೆ. ಅರ್ಥಶಾಸ್ತ್ರಜ್ಞರಾದ ಸ್ಟೀವನ್ ಲೆವಿಟ್ ಮತ್ತು ಚಾಡ್ ಸೈವರ್ಸನ್ ಶಿಕಾಗೊ ಸುತ್ತಮುತ್ತಲ ಮನೆ ಮಾರಾಟಗಳನ್ನು ಪರಿಶೀಲಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಹೇಳಿತು. ಏಜೆಂಟರು ತಮ್ಮ ಸ್ವಂತ ಮನೆ ಮಾರುವಾಗ ಸರಾಸರಿ ಒಂಬತ್ತೂವರೆ ದಿನ ಹೆಚ್ಚು ಕಾಯುತ್ತಾರೆ, ಬೆಲೆಯೂ ಸುಮಾರು ಶೇ 3.7ರಷ್ಟು ಹೆಚ್ಚು ಸಿಗುತ್ತದೆ. ಪರರ ಮನೆ ಮಾರುವಾಗ ಅವರಿಗೆ ಆ ತಾಳ್ಮೆ ಇರುವುದಿಲ್ಲ.

ಹಾಗಾದರೆ ನಾವೇ ಮಾರಿಕೊಂಡರೆ ಬೆಲೆ ಇಳಿಯುವುದಿಲ್ಲವೇ? ಅಮೆರಿಕದ ಮ್ಯಾಡಿಸನ್ ನಗರದಲ್ಲಿ ಮಾಲೀಕರೇ ಪ್ರಕಟಿಸುವ ಒಂದು ಜಾಲತಾಣವನ್ನೂ ಏಜೆಂಟರ ಮೂಲಕ ನಡೆಯುವ ಮಾರಾಟವನ್ನೂ ಹೋಲಿಸಿದ ಹೆಂಡೆಲ್, ನೆವೊ ಮತ್ತು ಒರ್ಟಾಲೊ-ಮಾನ್ಯೆ ಅವರ 2009ರ ಅಧ್ಯಯನಕ್ಕೆ ಏಜೆಂಟರಿಂದ ಹೆಚ್ಚು ಬೆಲೆ ಬರುತ್ತದೆ ಎಂಬುದಕ್ಕೆ ಆಧಾರ ಸಿಗಲಿಲ್ಲ. ಆದರೆ ಏಜೆಂಟರ ದಾರಿಯಲ್ಲಿ ಮಾರಾಟ ಬೇಗ ಆಯಿತು. ಅಂದರೆ ಕಮಿಷನ್ ಕೊಟ್ಟವರು ಕೊಂಡದ್ದು ಸಮಯವನ್ನು. ಮಗಳ ಮದುವೆಗೆ, ಆಸ್ಪತ್ರೆಯ ಖರ್ಚಿಗೆ ಹಣ ಬೇಕಾದವರಿಗೆ, ಬೇರೆ ಮನೆಗೆ ಅಡ್ವಾನ್ಸ್ ಕೊಟ್ಟು ವಾಯಿದೆ ಹತ್ತಿರ ಬಂದವರಿಗೆ ಸಮಯಕ್ಕೆ ಬೆಲೆಯಿದೆ. ಯಾವ ಆತುರವೂ ಇಲ್ಲದವರು ಅದಕ್ಕೆ ಮೂರು ಲಕ್ಷ ಕೊಡಬೇಕೇ ಎಂದು ಯೋಚಿಸಬೇಕು.

ಬ್ರಿಟನ್ನಿನ ಅನುಭವ ಇನ್ನೊಂದು ಪಾಠ ಹೇಳುತ್ತದೆ. ಬೀದಿಯಂಗಡಿಯ ಏಜೆಂಟರ ಶೇಕಡಾವಾರು ಕಮಿಷನ್ನಿಗೆ ಬದಲಾಗಿ ನಿಗದಿತ ಶುಲ್ಕ ಪಡೆಯುವ ಪರ್ಪಲ್‌ಬ್ರಿಕ್ಸ್ ಅಲ್ಲಿ 2014ರಲ್ಲಿ ಮಾರುಕಟ್ಟೆಗೆ ಬಂತು. 2017ರ ಹೊತ್ತಿಗೆ ಅದರ ಷೇರು ಮೌಲ್ಯ ನೂರು ಕೋಟಿ ಪೌಂಡ್ ದಾಟಿತ್ತು. ಆಸ್ಟ್ರೇಲಿಯಕ್ಕೂ ಅಮೆರಿಕಕ್ಕೂ ಹೋಗಿ 2019ರಲ್ಲಿ ಎರಡರಿಂದಲೂ ಹಿಂದೆ ಸರಿಯಿತು. 2023ರಲ್ಲಿ ಅದರ ವ್ಯವಹಾರವೆಲ್ಲ ಸ್ಟ್ರೈಕ್ ಎಂಬ ಇನ್ನೊಂದು ಆನ್‌ಲೈನ್ ಕಂಪನಿಗೆ ಒಂದು ಪೌಂಡಿಗೆ ಮಾರಾಟವಾಯಿತು. ಕಂಪನಿ ಬಿದ್ದದ್ದಕ್ಕೆ ಕಾರಣ ಹಲವು. ಮನೆ ಮಾರುವವರು ಗಮನಿಸಬೇಕಾದ್ದು ಅದರ ಶುಲ್ಕದ ರೀತಿಯನ್ನು. ಮನೆ ಮಾರಾಟವಾಗಲಿ, ಆಗದಿರಲಿ, ಶುಲ್ಕ ಕೊಡಲೇಬೇಕಿತ್ತು. ಬೇಗ ಮುಗಿಸುವ ಆತುರ ಬೀದಿಯ ಏಜೆಂಟನ ದೋಷವಾದರೆ, ಮುಗಿಸಬೇಕೆಂಬ ಒತ್ತಡವೇ ಇಲ್ಲದಿರುವುದು ಮೊದಲೇ ಹಣ ಪಡೆದವನ ದೋಷ. ನಮ್ಮ ಪೋರ್ಟಲ್‌ಗಳ ಪ್ಯಾಕೇಜ್ ಕೊಳ್ಳುವವರೂ ಇದನ್ನು ನೆನಪಿಡಬೇಕು. ಮೂರು ತಿಂಗಳ ಯೋಜನೆಗೆ ಕೊಟ್ಟ ಹಣ ಪ್ರಕಟಣೆಯ ಬೆಲೆ. ಮಾರಾಟದ ಭರವಸೆ ಅದರಲ್ಲಿ ಇಲ್ಲ.

ಈಗ ನಮ್ಮ ಊರಿಗೆ ಬರೋಣ. ವೈಟ್‌ಫೀಲ್ಡ್, ಸರ್ಜಾಪುರ ರಸ್ತೆ, ಕನಕಪುರ ರಸ್ತೆ, ಹೆಬ್ಬಾಳದ ದೊಡ್ಡ ಅಪಾರ್ಟ್‌ಮೆಂಟ್ ಸಮುಚ್ಚಯಗಳಲ್ಲಿ ಫ್ಲ್ಯಾಟ್ ಮಾರುವವರಿಗೆ ಆನ್‌ಲೈನ್ ದಾರಿ ಸಾಕು ಎಂದು ಧೈರ್ಯವಾಗಿ ಹೇಳಬಹುದು. ಕೊಳ್ಳುವವರು ಹೆಚ್ಚಾಗಿ ಐಟಿ ಉದ್ಯೋಗಿಗಳು, ಹುಡುಕುವುದು ಮೊಬೈಲ್‌ನಲ್ಲಿ. ಅದೇ ಸಮುಚ್ಚಯದಲ್ಲಿ ಅದೇ ಅಳತೆಯ ನೂರಾರು ಫ್ಲ್ಯಾಟ್‌ಗಳಿರುವುದರಿಂದ ಬೆಲೆ ಅಂದಾಜಿಸುವುದೂ ಕಷ್ಟವಲ್ಲ. ಪೋರ್ಟಲ್‌ಗಿಂತ ಮುಂಚೆ ಸಮುಚ್ಚಯದ ವಾಟ್ಸ್ಆ್ಯಪ್ ಗುಂಪಿನಲ್ಲೊಂದು ಸಂದೇಶ ಹಾಕಿ ನೋಡುವುದು ಒಳ್ಳೆಯದು. ಅಲ್ಲೇ ಬಾಡಿಗೆಗಿದ್ದು ಸ್ವಂತದ್ದು ಬೇಕೆನ್ನುವವರು, ಅಪ್ಪ ಅಮ್ಮನನ್ನು ಪಕ್ಕದ ಬ್ಲಾಕಿಗೆ ಕರೆಸಿಕೊಳ್ಳಬೇಕೆನ್ನುವವರು ಆ ಗುಂಪಿನಲ್ಲೇ ಇರುತ್ತಾರೆ. ಜಾಗ ಗೊತ್ತು, ನೀರಿನ ಪರಿಸ್ಥಿತಿ ಗೊತ್ತು, ಮಾತು ಬೇಗ ಮುಗಿಯುತ್ತದೆ.

ರಾಜಾಜಿನಗರದಲ್ಲೋ, ಬಸವನಗುಡಿಯಲ್ಲೋ, ಜಯನಗರದಲ್ಲೋ 30x40 ಸೈಟಿನಲ್ಲಿ ಕಟ್ಟಿದ ಹಳೆಯ ಮನೆಯ ವಿಷಯ ಬೇರೆ. ಅಲ್ಲಿ ಕಟ್ಟಡಕ್ಕಿಂತ ಹೆಚ್ಚಾಗಿ ಜಾಗಕ್ಕೆ ಚದರಡಿ ಲೆಕ್ಕದಲ್ಲಿ ಬೆಲೆ. ಪೂರ್ವಕ್ಕೆ ಮುಖವಿದ್ದರೆ ಒಂದು ದರ, ದಕ್ಷಿಣಕ್ಕಿದ್ದರೆ ಇನ್ನೊಂದು. ಮೂಲೆ ಸೈಟು ಒಂದು ದರ, ಟಿ ಜಂಕ್ಷನ್‌ಗೆ ಎದುರಾದದ್ದು ಮತ್ತೊಂದು. ಒಂದೇ ಬಡಾವಣೆಯ ಎರಡು ಕ್ರಾಸ್‌ಗಳ ನಡುವೆ ಚದರಡಿಗೆ ಸಾವಿರಾರು ರೂಪಾಯಿ ವ್ಯತ್ಯಾಸ ಬರುತ್ತದೆ. ಇಂಥ ಮನೆಗೆ ಹೆಚ್ಚು ಬೆಲೆ ಕೊಡುವವರು ಎರಡು ಮೂರು ಕಿಲೋಮೀಟರ್ ಒಳಗೇ ಇರುವುದುಂಟು. ಪಕ್ಕದ ಸೈಟು ಸೇರಿಸಿಕೊಂಡು ದೊಡ್ಡದಾಗಿ ಕಟ್ಟಬೇಕೆನ್ನುವವರು, ಅದೇ ಬಡಾವಣೆಯಲ್ಲಿ ಬೆಳೆದು ಅಲ್ಲೇ ಉಳಿಯಬೇಕೆನ್ನುವ ಮಕ್ಕಳು. ಅವರ ಹೆಸರು ಯಾವ ಪೋರ್ಟಲ್‌ನಲ್ಲೂ ಇಲ್ಲ. ಇಪ್ಪತ್ತು ವರ್ಷ ಅದೇ ಬೀದಿಗಳಲ್ಲಿ ಓಡಾಡಿದ ಬ್ರೋಕರ್‌ನ ಡೈರಿಯಲ್ಲಿದೆ. ಆ ಅರಿವಿಗೆ ಶೇ 1 ಕೊಟ್ಟರೆ ದುಬಾರಿ ಎನ್ನಲಾಗದು.

ಮೈಸೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಶಿವಮೊಗ್ಗದಂಥ ಊರುಗಳಲ್ಲಿ ಪೋರ್ಟಲ್‌ಗಳ ಬಲ ಇನ್ನೂ ಕಡಿಮೆ. ಅಲ್ಲಿ ಸುದ್ದಿ ಹರಡುವುದು ದಸ್ತಾವೇಜು ಬರೆಯುವವರ ಅಂಗಡಿಯಿಂದ, ಸ್ಥಳೀಯ ಪತ್ರಿಕೆಯಿಂದ, ಪರಿಚಯದ ಬಾಯಿಂದ ಬಾಯಿಗೆ. ಜಾಲತಾಣದಲ್ಲಿ ಕಾಣುವ ಪ್ರಕಟಣೆಗಳಲ್ಲೂ ಬ್ರೋಕರ್‌ಗಳವೇ ಬಹಳ. ಅಲ್ಲಿ ಊರಿನವರನ್ನು ಬಿಟ್ಟು ಮಾರಲು ಹೊರಡುವುದರಲ್ಲಿ ಅರ್ಥವಿಲ್ಲ.

ಪೋರ್ಟಲ್‌ನಲ್ಲಿ ನೇರವಾಗಿ ಮಾರಲು ಹೊರಟ ಹಿರಿಯರ ಪಾಡನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಪ್ರಕಟಣೆ ಹಾಕಿದ ಸಂಜೆಯಿಂದಲೇ ಫೋನು ಬಿಡುವಿಲ್ಲದೆ ಬಡಿದುಕೊಳ್ಳುತ್ತದೆ. ಕರೆ ಮಾಡುವವರಲ್ಲಿ ಅರ್ಧಕ್ಕರ್ಧ ಗ್ರಾಹಕರ ಸೋಗಿನ ಬ್ರೋಕರ್‌ಗಳು. ಉಳಿದವರಲ್ಲಿ ಪ್ಯಾಕೇಜ್ ಮಾರುವ ಕಾಲ್ ಸೆಂಟರಿನವರು, ಸಾಲ ಕೊಡಿಸುವವರು. ಕನ್ನಡ ಬಿಟ್ಟರೆ ಬೇರೆ ಮಾತು ಸಲೀಸಾಗಿ ಬಾರದ ಎಪ್ಪತ್ತು ದಾಟಿದವರಿಗೆ ಇದು ನಿಜವಾದ ಹಿಂಸೆ. ಭಾನುವಾರ ಬರುತ್ತೇವೆಂದು ಹೇಳಿ ಬಾರದವರಿಗಾಗಿ ಮನೆ ಗುಡಿಸಿ, ಒರೆಸಿ ಕಾಯುವ ದಂಪತಿಗೆ ಒಬ್ಬ ನಂಬಿಗಸ್ತ ಬ್ರೋಕರ್ ಮಾಡುವ ಮೊದಲ ಉಪಕಾರವೆಂದರೆ ಸುಮ್ಮನೆ ನೋಡಿಹೋಗುವವರನ್ನು ಬಾಗಿಲಿಂದಾಚೆಯೇ ಸೋಸುವುದು. ಮನೆಯಲ್ಲಿ ಮಕ್ಕಳಿದ್ದು ಫೋನ್ ಹಿಡಿಯುವವರಿದ್ದರೆ ಈ ತೊಂದರೆ ಅಷ್ಟಾಗಿ ಇರುವುದಿಲ್ಲ.

ಬ್ರೋಕರ್ ಇಟ್ಟುಕೊಂಡ ಮಾತ್ರಕ್ಕೆ ಪೋರ್ಟಲ್‌ನಿಂದ ದೂರ ಉಳಿದೆವೆಂದು ತಿಳಿಯಬಾರದು. ಐದು ಜನ ಬ್ರೋಕರ್‌ಗಳಿಗೆ ಬಾಯಿಮಾತಿನಲ್ಲಿ ಹೇಳಿದರೆ ಅದೇ ಮನೆಯ ಅದೇ ಫೋಟೋ ಐದು ಹೆಸರಿನಲ್ಲಿ, ಐದು ಬೆಲೆಯಲ್ಲಿ ಜಾಲತಾಣಗಳಿಗೆ ಏರುತ್ತದೆ. ಕೊಳ್ಳುವವರು ಅತಿ ಕಡಿಮೆಯದನ್ನೇ ಹಿಡಿದು ಚೌಕಾಸಿ ಶುರುಮಾಡುತ್ತಾರೆ. ತಿಂಗಳುಗಟ್ಟಲೆ ಕಾಣುತ್ತಲೇ ಇದ್ದರೆ ಕಾಗದಪತ್ರದಲ್ಲಿ ಏನೋ ತೊಡಕಿರಬೇಕೆಂಬ ಅನುಮಾನವೂ ಹುಟ್ಟುತ್ತದೆ. ಒಬ್ಬರಿಗೆ, ಹೆಚ್ಚೆಂದರೆ ಇಬ್ಬರಿಗೆ, ಎರಡು ಮೂರು ತಿಂಗಳ ಗಡುವಿಟ್ಟು ಬರವಣಿಗೆಯಲ್ಲಿ ಒಪ್ಪಿಸುವುದು ಕ್ಷೇಮ. ಮಾಲೀಕರು ತಾವೇ ಗ್ರಾಹಕರನ್ನು ಹುಡುಕಿದರೆ ಕಮಿಷನ್ ಇಲ್ಲ ಎಂಬ ಸಾಲೂ ಅದರಲ್ಲಿರಲಿ.

ಕಾನೂನು ಕಾಪಾಡುತ್ತದಲ್ಲ ಎನ್ನುವವರಿಗೆ ಒಂದು ಮಾತು. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆ ಬಂದ ಮೇಲೆ ಬ್ರೋಕರ್‌ಗಳೆಲ್ಲ ನೋಂದಾಯಿಸಿಕೊಳ್ಳಲೇಬೇಕೆಂಬ ನಂಬಿಕೆ ಜನರಲ್ಲಿದೆ. ಕಾಯ್ದೆಯ 9ನೇ ಸೆಕ್ಷನ್ ಓದಿದರೆ, ರೇರಾದಲ್ಲಿ ನೋಂದಣಿಯಾದ ಯೋಜನೆಯಲ್ಲಿ ಬಿಲ್ಡರ್ ಮಾರುವ ನಿವೇಶನ, ಫ್ಲ್ಯಾಟ್‌ಗಳಿಗೆ ಮಾತ್ರ ಆ ಕಡ್ಡಾಯ ಅನ್ವಯಿಸುತ್ತದೆ. ನೀವು ಹತ್ತು ವರ್ಷ ವಾಸವಿದ್ದು ಈಗ ಮರುಮಾರಾಟ ಮಾಡುವ ಮನೆಗೆ ಮಧ್ಯೆ ನಿಲ್ಲುವವನಿಗೆ ಪರವಾನಗಿಯೂ ಬೇಡ, ಪರೀಕ್ಷೆಯೂ ಬೇಡ. ಕರ್ನಾಟಕ ರೇರಾ ನೋಂದಣಿ ಇರುವ ಏಜೆಂಟನಾದರೆ ಹೆಸರು, ವಿಳಾಸವಾದರೂ ಸರ್ಕಾರದ ದಾಖಲೆಯಲ್ಲಿರುತ್ತದೆ ಎಂಬಷ್ಟು ಸಮಾಧಾನ. ಪೋರ್ಟಲ್‌ಗೆ ಶುಲ್ಕ ಕೊಟ್ಟವರು ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದೂರು ಕೊಡಬಹುದು, ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಸೇವೆಗೆ ಹಣ ಪಡೆದ ಬ್ರೋಕರ್‌ನ ಮೇಲೂ ಅದೇ ಕಾಯ್ದೆಯ ದಾರಿಯಿದೆ, ಆದರೆ ಹಣ ಕೊಟ್ಟದ್ದಕ್ಕೆ ರಸೀದಿಯಂಥ ದಾಖಲೆ ಇದ್ದರೆ ಮಾತ್ರ ಅದು ನಿಲ್ಲುತ್ತದೆ.

ಮರುಮಾರಾಟಕ್ಕೆ ಉಪಯೋಗಕ್ಕೆ ಬರುವುದು ಹಳೆಯ ಕಾಯ್ದೆಯೇ, 1872ರ ಕರಾರು ಕಾಯ್ದೆ. ಬೇರೆ ಒಪ್ಪಂದ ಇಲ್ಲದಿದ್ದರೆ, ಒಪ್ಪಿಕೊಂಡ ಕೆಲಸ ಮುಗಿಯುವವರೆಗೆ ಏಜೆಂಟನಿಗೆ ಸಂಭಾವನೆ ಸಲ್ಲುವುದಿಲ್ಲ ಎನ್ನುತ್ತದೆ ಅದರ 219ನೇ ಸೆಕ್ಷನ್. ಅಡ್ವಾನ್ಸ್ ಬಂದ ದಿನವೇ ಅರ್ಧ ಕಮಿಷನ್ ಕೇಳುವವರಿಗೆ ಇದನ್ನು ಹೇಳಬಹುದು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕ್ರಯಪತ್ರ ನೋಂದಣಿಯಾಗಿ ಪೂರ್ತಿ ಹಣ ಬ್ಯಾಂಕಿಗೆ ಬಿದ್ದ ದಿನ ಕಮಿಷನ್ ಕೊಡುತ್ತೇವೆಂದು ಮೊದಲೇ ಬರೆದಿಡಬೇಕು. 216ನೇ ಸೆಕ್ಷನ್ ಇನ್ನೂ ಮುಖ್ಯ. ಮಾಲೀಕರಿಗೆ ತಿಳಿಸದೆ ಏಜೆಂಟ್ ತಾನೇ ವ್ಯವಹಾರ ಮಾಡಿಕೊಂಡರೆ ಆ ಲಾಭವನ್ನು ಮಾಲೀಕರು ಕೇಳಬಹುದು.

ಇದು ಮುಖ್ಯವೆನ್ನುವುದಕ್ಕೆ ಕಾರಣ ನಮ್ಮ ಊರುಗಳಲ್ಲಿ ಬೇರೂರಿದ ಒಂದು ಪದ್ಧತಿ. ಬ್ರೋಕರ್ ತನ್ನದೋ ತನ್ನ ಸ್ನೇಹಿತನದೋ ಹೆಸರಿಗೆ ಸಣ್ಣ ಅಡ್ವಾನ್ಸ್ ಕೊಟ್ಟು ಅಗ್ರಿಮೆಂಟ್ ಹಾಕಿಸಿಕೊಳ್ಳುತ್ತಾನೆ. 'ನನಗೆ ಅಥವಾ ನಾನು ಸೂಚಿಸಿದವರ ಹೆಸರಿಗೆ' ಕ್ರಯ ಮಾಡಿಕೊಡತಕ್ಕದ್ದು ಎಂಬ ಸಾಲು ಅದರಲ್ಲಿ ಸೇರಿರುತ್ತದೆ. ಆರು ತಿಂಗಳ ವಾಯಿದೆಯೊಳಗೆ ಇಪ್ಪತ್ತು ಲಕ್ಷ ಹೆಚ್ಚಿಗೆ ಕೊಡುವ ಪಾರ್ಟಿ ಹುಡುಕಿ ನಡುವಿನ ಹಣ ತಾನಿಟ್ಟುಕೊಳ್ಳುತ್ತಾನೆ. ಕೆಲವೊಮ್ಮೆ ಸಾಮಾನ್ಯ ಅಧಿಕಾರಪತ್ರವನ್ನೂ (ಜಿಪಿಎ) ಬರೆಸಿಕೊಳ್ಳುತ್ತಾನೆ. ನೋಂದಾಯಿತ ಕ್ರಯಪತ್ರವಿಲ್ಲದೆ ಬರೀ ಜಿಪಿಎಯಿಂದ ಆಸ್ತಿಯ ಹಕ್ಕು ವರ್ಗವಾಗುವುದಿಲ್ಲವೆಂದು ಸುಪ್ರೀಂ ಕೋರ್ಟ್ 2011ರಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿತು. ಆದರೆ ಸಹಿ ಹಾಕಿದ ಜಿಪಿಎ ಕೈಬಿಟ್ಟ ಮೇಲೆ ಕೋರ್ಟು ಅಲೆಯಬೇಕಾದವರು ಮಾಲೀಕರೇ. ಬ್ರೋಕರ್‌ಗೆ ಯಾವ ಕಾರಣಕ್ಕೂ ಜಿಪಿಎ ಕೊಡಬೇಡಿ. ಅಗ್ರಿಮೆಂಟಿನಲ್ಲಿ ಆ 'ಸೂಚಿಸಿದವರು' ಕಂಡರೆ ತೆಗೆಸಿ.

ಆನ್‌ಲೈನ್ ದಾರಿಗೂ ಅದರದೇ ಅಪಾಯವಿದೆ. ಕೊಳ್ಳುವವನೆಂದು ಹೇಳಿದ ಅಪರಿಚಿತನಿಗೆ ಮೂಲ ಕ್ರಯಪತ್ರ, ಖಾತಾ, ಆಧಾರ್ ಎಲ್ಲದರ ಫೋಟೋ ವಾಟ್ಸ್ಆ್ಯಪ್‌ನಲ್ಲಿ ಕಳಿಸಿಬಿಡುವ ಅಭ್ಯಾಸ ಹೆಚ್ಚುತ್ತಿದೆ. ಮಾಲೀಕರ ಸೋಗು ಹಾಕಿ ಬೇರೆಯವರ ಸೈಟು ಮಾರುವ ವಂಚನೆ ಬೆಂಗಳೂರಿಗೆ ಅಪರಿಚಿತವಲ್ಲ. ಅದನ್ನು ತಡೆಯುವುದೂ ಇ-ಖಾತಾದ ಉದ್ದೇಶಗಳಲ್ಲೊಂದು. ಮಾತು ಒಂದು ಹದಕ್ಕೆ ಬರುವವರೆಗೆ ಇ.ಸಿ. (ಋಣಭಾರ ಪ್ರಮಾಣಪತ್ರ) ಮತ್ತು ಖಾತಾ ತೋರಿಸಿದರೆ ಸಾಕು. ಕೊಡುವ ಪ್ರತಿಗಳ ಮೇಲೆ 'ಪರಿಶೀಲನೆಗೆ ಮಾತ್ರ' ಎಂದು ಅಡ್ಡಲಾಗಿ ಬರೆದು ಕೊಡಿ, ಬ್ರೋಕರ್‌ಗೂ ಹಾಗೆಯೇ.

ಕಾಗದಪತ್ರ ಓಡಾಡಿ ಮಾಡಿಸಿಕೊಡುವುದೇ ಬ್ರೋಕರ್‌ನ ದೊಡ್ಡ ಸೇವೆ ಎಂದು ಹಿಂದೆ ಹೇಳುತ್ತಿದ್ದರು. ಆ ಮಾತಿನ ತೂಕ ಕಡಿಮೆಯಾಗುತ್ತಿದೆ. ನೋಂದಣಿ ಇಲಾಖೆಯ, 2023ರಲ್ಲಿ ಬಂದ ಕಾವೇರಿ 2.0 ಜಾಲತಾಣದಲ್ಲಿ ಇ.ಸಿ. ಮನೆಯಲ್ಲೇ ಕೂತು ತೆಗೆಯಬಹುದು, ನೋಂದಣಿಗೆ ದಿನ ಗೊತ್ತುಮಾಡಿಕೊಳ್ಳಬಹುದು. 2024ರ ಅಕ್ಟೋಬರ್ ನಂತರ ಬೆಂಗಳೂರಿನಲ್ಲಿ ನೋಂದಣಿಗೆ ಇ-ಖಾತಾ ಕಡ್ಡಾಯವಾಗಿದೆ. ಅದನ್ನೂ ಆನ್‌ಲೈನಿನಲ್ಲೇ ಪಡೆಯುವ ವ್ಯವಸ್ಥೆಯಿದೆ. ಹೆಸರಿನಲ್ಲಿ ತಪ್ಪು, ಅಳತೆಯಲ್ಲಿ ವ್ಯತ್ಯಾಸ, ಬಿ ಖಾತಾ, ಅಣ್ಣತಮ್ಮಂದಿರ ಸಹಿ ಬಾಕಿ ಎಂಬ ತೊಡಕಿದ್ದರೆ ಮಾತ್ರ ಸಹಾಯ ಬೇಕು. ಅದಕ್ಕೂ ಬ್ರೋಕರ್‌ಗಿಂತ ವಕೀಲರೇ ಸರಿಯಾದವರು. ನಿಗದಿತ ಶುಲ್ಕಕ್ಕೆ ಅವರು ಮಾಡುವ ಕೆಲಸವನ್ನು ಕಮಿಷನ್ನಿಗೆ ಕಟ್ಟಿಹಾಕಬೇಕಾಗಿಲ್ಲ.

ತೆರಿಗೆಯ ವಿಷಯದಲ್ಲಿ ಪೋರ್ಟಲ್ಲೂ ಬ್ರೋಕರೂ ಬಾಯಿ ಬಿಡುವುದು ಅಪರೂಪ. ಸ್ಥಿರಾಸ್ತಿ ಮಾರಾಟದ ಮುಂಗಡವಾಗಿ 20,000 ರೂಪಾಯಿ ಅಥವಾ ಅದಕ್ಕೂ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು 2015ರಿಂದಲೇ ನಿಷೇಧಿಸಿದೆ. ಪಡೆದರೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಬ್ರೋಕರ್ ತಂದುಕೊಡುವ ಟೋಕನ್ ಅಡ್ವಾನ್ಸಿನ ಕಟ್ಟು ಕೈಗೆ ತೆಗೆದುಕೊಳ್ಳುವ ಮೊದಲು ಇದು ನೆನಪಿಗೆ ಬರಲಿ. ಮನೆ ಮಾರಾಟದ ಲಾಭ ಲೆಕ್ಕ ಹಾಕುವಾಗ ಕೊಟ್ಟ ಕಮಿಷನ್ನನ್ನು ಖರ್ಚೆಂದು ಕಳೆಯಬಹುದು. ಬ್ಯಾಂಕಿನ ಮೂಲಕ ಕೊಟ್ಟು ರಸೀದಿ ಪಡೆದವರಿಗೆ ಆ ಲಾಭ ಸಲೀಸಾಗಿ ಸಿಗುತ್ತದೆ.

ವಿದೇಶದಲ್ಲಿರುವ ಕನ್ನಡಿಗರು ಅಪ್ಪ ಅಮ್ಮನ ಕಾಲದ ಮೈಸೂರಿನ, ಮಲ್ಲೇಶ್ವರದ ಮನೆ ಮಾರಬೇಕಾಗಿ ಬರುವುದು ಈಗ ಮನೆಮನೆಯ ಕಥೆ. ಅವರಿಗೆ ಬರೀ ಆನ್‌ಲೈನ್ ಸಾಲದು. ಬಾಗಿಲು ತೆಗೆದು ತೋರಿಸಲು ಊರಲ್ಲೊಬ್ಬರು ಬೇಕು. ಆದರೆ ಅಧಿಕಾರಪತ್ರ ಹೋಗಬೇಕಾದ್ದು ಅಕ್ಕನಿಗೋ, ಚಿಕ್ಕಪ್ಪನಿಗೋ, ನಂಬಿದ ಬಂಧುವಿಗೋ. ವಿದೇಶದಲ್ಲಿ ಮಾಡಿಸಿದ ಆ ಪತ್ರ ಭಾರತಕ್ಕೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಮಾರುವವರು ಇಲ್ಲೇ ವಾಸವಿದ್ದು ಬೆಲೆ 50 ಲಕ್ಷ ಅಥವಾ ಹೆಚ್ಚಿದ್ದರೆ ಕೊಳ್ಳುವವರು ಶೇ 1 ತೆರಿಗೆ ಹಿಡಿಯುತ್ತಾರೆ. ಮಾರುವವರು ಅನಿವಾಸಿಯಾದರೆ ಅದು ಬಹಳ ಹೆಚ್ಚು. ಕಡಿಮೆ ಹಿಡಿಯುವಂತೆ ತೆರಿಗೆ ಇಲಾಖೆಯಿಂದ ಮೊದಲೇ ಪ್ರಮಾಣಪತ್ರ ತರದಿದ್ದರೆ ಲಕ್ಷಾಂತರ ರೂಪಾಯಿ, ರಿಟರ್ನ್ಸ್ ಸಲ್ಲಿಸಿ ಮರುಪಾವತಿ ಬರುವವರೆಗೆ, ಸಿಕ್ಕಿಹಾಕಿಕೊಂಡಿರುತ್ತದೆ.

ಕೊನೆಗೆ ಮತ್ತೆ ಬೆಲೆಯ ಮಾತು. ಪೋರ್ಟಲ್‌ನಲ್ಲಿ ಕಾಣುವುದು ಮಾಲೀಕರು ಕೇಳುತ್ತಿರುವ ಬೆಲೆ, ಮಾರಾಟವಾದ ಬೆಲೆಯಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1995ರಿಂದೀಚೆಗೆ ಮಾರಾಟವಾದ ಮನೆಗಳ ಬೆಲೆಯನ್ನು ಯಾರು ಬೇಕಾದರೂ ನೋಡುವಂತೆ ಅಲ್ಲಿನ ಲ್ಯಾಂಡ್ ರಿಜಿಸ್ಟ್ರಿ ಪ್ರಕಟಿಸಿದೆ. ಹಾಗಾಗಿ ಅಲ್ಲಿ ಆನ್‌ಲೈನ್ ಆದರೇನು, ಬೀದಿಯವರಾದರೇನು, ಮಾಲೀಕರಿಗೆ ಪಕ್ಕದ ಮನೆ ಎಷ್ಟಕ್ಕೆ ಹೋಯಿತೆಂದು ಗೊತ್ತು. ನಮ್ಮ ಕಾವೇರಿಯಲ್ಲಿ ಈ ಮಾಹಿತಿ ಇಲ್ಲವೆಂದಲ್ಲ, ಆಸ್ತಿಯೊಂದೊಂದಕ್ಕೂ ಶುಲ್ಕ ಕಟ್ಟಿ ಇ.ಸಿ. ತೆಗೆದರೆ ಕ್ರಯದ ಮೊತ್ತ ಸಿಗುತ್ತದೆ. ಬೀದಿವಾರು ಪಟ್ಟಿಯಾಗಿ ಸಿಗುವುದಿಲ್ಲ. ಕಪ್ಪುಹಣದ ಪಾಲು ಕಾಗದದಲ್ಲಿ ಬರದಿರುವುದರಿಂದ ದಾಖಲಾದ ಮೊತ್ತವೂ ಅನೇಕ ಕಡೆ ಪೂರ್ತಿ ನಿಜವಲ್ಲ. ಆದರೂ ಕತ್ತಲಿಗಿಂತ ಅದು ಮೇಲು. ನೋಂದಣಿ ಇಲಾಖೆ ಹೆಸರುಗಳನ್ನು ತೆಗೆದು, ಬಡಾವಣೆ ಮತ್ತು ಅಡ್ಡರಸ್ತೆವಾರು ಮಾರಾಟದ ಬೆಲೆಗಳನ್ನು ತಿಂಗಳಿಗೊಮ್ಮೆ ಕನ್ನಡದಲ್ಲಿ ಪ್ರಕಟಿಸಬೇಕು. ಮರುಮಾರಾಟದ ಮಧ್ಯವರ್ತಿಗಳನ್ನೂ ರೇರಾ ನೋಂದಣಿಯೊಳಗೆ ತರಲು ಕೇಂದ್ರ ಸರ್ಕಾರ ಕಾಯ್ದೆಯ 9ನೇ ಸೆಕ್ಷನ್ ತಿದ್ದಬೇಕು. ಇವೆರಡೂ ಆಗುವವರೆಗೆ ಮನೆ ಮಾರಲು ಹೊರಟವರು ಯಾವ ಪ್ಯಾಕೇಜ್ ಕೊಳ್ಳುವ ಮೊದಲೂ, ಯಾವ ಬ್ರೋಕರ್‌ಗೆ ಬೆಲೆ ಹೇಳುವ ಮೊದಲೂ, ತಮ್ಮ ಬೀದಿಯಲ್ಲಿ ಕಳೆದ ಎರಡು ವರ್ಷದಲ್ಲಿ ಮಾರಾಟವಾದ ಮೂರು ನಾಲ್ಕು ಮನೆಗಳ ಇ.ಸಿ. ತೆಗೆಸಿ ನೋಡಲಿ.